ಎದುರಿನವರಿಗೆ ಬೆಳಕು ದಾನ ಮಾಡುವ ಪುಣ್ಯಾತ್ಮರು

ನಮ್ಮ ಜನ ಎಷ್ಟು ದೊಡ್ಡ ಮನಸ್ಸಿನವರು ಅಂತ ತಿಳಿಯಬೇಕಾದರೆ ರಾತ್ರಿ ಒಂಬತ್ತರ ಮೇಲೆ ತುಮಕೂರು ರಸ್ತೆಗೆ ಇಳಿಯಬೇಕು. ಸ್ವಂತ ದುಡ್ಡು ಹಾಕಿ ಕಾರಿನ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ತಂದಿರುತ್ತಾರೆ, ಬೆಳಕನ್ನು ಮಾತ್ರ ಎದುರು ಬರುವವರಿಗೆ ಧಾರೆ ಎರೆದುಬಿಡುತ್ತಾರೆ. ತಮಗೆ ಅಂತ ಬಂಪರ್ ಮುಂದೆ ನಾಲ್ಕು ಮಾರು ಇಟ್ಟುಕೊಂಡು ಉಳಿದದ್ದೆಲ್ಲ ದಾನ.

ಈ ದಾನಕ್ಕೆ ದೀಕ್ಷೆ ಸಿಗುವ ಜಾಗ ಕಾರಿನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆ. ಸುಮ್ನೆ ಒಂದು ಸಂಜೆ ಅಲ್ಲಿ ನಿಂತು ನೋಡಿ. ಹತ್ತು ವರ್ಷದ ಹಳೇ ಕಾರು ಬಂದು ನಿಲ್ಲುತ್ತದೆ. ‘ರಾತ್ರಿ ಏನೂ ಕಾಣಲ್ಲ ಗುರು’ ಅಂತಾರೆ ಓನರ್. ‘ಈ ಕಾಲದಲ್ಲಿ ಹ್ಯಾಲೋಜನ್ ಯಾರು ಹಾಕ್ತಾರೆ ಸಾರ್?’ ಅಂತಾನೆ ಅಂಗಡಿ ಹುಡುಗ, ಓನರ್‌ಗೆ ಅವಮಾನ ಆಗೋ ಧಾಟಿಯಲ್ಲಿ. ಆಮೇಲೆ ಡಬ್ಬಿ ಹೊರಗೆ ಬರುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ 20,000 ಲುಮೆನ್, 6500 ಕೆಲ್ವಿನ್. ಲುಮೆನ್ ಅಂದರೆ ಬೆಳಕಿನ ಪ್ರಮಾಣ, ಕೆಲ್ವಿನ್ ಅಂದರೆ ಅದರ ಬಣ್ಣದ ಲೆಕ್ಕ. ಕಂಪನಿಯವರು ಹಾಕಿದ ಎಚ್4 ಅನ್ನುವ ಹ್ಯಾಲೋಜನ್ ಬಲ್ಬಿನ ಲೆಕ್ಕ ಡಿಪ್ಪಿಗೆ 1000 ಲುಮೆನ್, ಬ್ರೈಟಿಗೆ 1650. ಅಂದರೆ ಅಂಗೈಯಗಲದ ಡಬ್ಬಿಯಲ್ಲಿ ಇಪ್ಪತ್ತು ಬಲ್ಬಿನ ಡಿಪ್ ಬೆಳಕು! ಅದೇ ಡಬ್ಬಿಯ ಮೂಲೆಯಲ್ಲಿ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ‘ಆಫ್ ರೋಡ್ ಬಳಕೆಗೆ ಮಾತ್ರ’ ಅಂತಲೂ ಬರೆದಿರುವುದುಂಟು. ನಮ್ಮ ರಸ್ತೆಗಳನ್ನು ನೋಡಿದರೆ ಆ ಷರತ್ತನ್ನು ಯಾರೂ ಮುರಿದಿಲ್ಲ ಅಂತಲೇ ಹೇಳಬೇಕು.

ಬಲ್ಬ್ ಕೂರಿಸಿ ಆಯ್ತು, ಈಗ ಪರೀಕ್ಷೆ. ಎದುರು ಅಂಗಡಿಯ ಶಟರ್ ಬೆಳ್ಳಗಾಗುತ್ತದೆ. ಶಟರ್ ಮೇಲಿನ ಬೋರ್ಡು, ಬೋರ್ಡಿನ ಮೇಲೆ ಮಹಡಿಯ ಕಿಟಕಿ, ಕಿಟಕಿ ಸರಳಿಗೆ ಒಣಹಾಕಿದ ಟವೆಲ್ಲು, ಟವೆಲ್ಲಿನ ಅಂಚು ಎಲ್ಲ ನಿಚ್ಚಳ. ‘ನೋಡಿ ಸಾರ್, ಹಗಲು!’ ಓನರ್ ಖುಷಿಯಾಗಿ ದುಡ್ಡು ಎಣಿಸುತ್ತಾರೆ. ಡಿಪ್ ಲೈಟಿನಲ್ಲಿ ಮೊದಲ ಮಹಡಿಯ ಟವೆಲ್ಲು ಯಾಕೆ ಕಾಣಬೇಕು ಅಂತ ಅಲ್ಲಿದ್ದ ಒಬ್ಬರೂ ಕೇಳಲ್ಲ.

ಬಿಚ್ಚಿ ಬಿಸಾಕಿದ ಆ ಹಳೇ ಬಲ್ಬನ್ನು ಎತ್ತಿ ನೋಡಿದ್ದರೆ ಉತ್ತರ ಅದರೊಳಗೇ ಇತ್ತು. ಎಚ್4 ಬಲ್ಬಿನಲ್ಲಿ ಎರಡು ತಂತಿ ಸುರುಳಿ, ಬ್ರೈಟಿಗೊಂದು, ಡಿಪ್ಪಿಗೊಂದು. ಡಿಪ್ಪಿನ ಸುರುಳಿಯ ಕೆಳಗೆ ಉಗುರಿಗಿಂತ ಚಿಕ್ಕದೊಂದು ಲೋಹದ ಬಟ್ಟಲು. ಬೆಳಕು ಹಿಂದಿನ ಕನ್ನಡಿಯಂಥ ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದ ಹಾಗೆ ಅದು ತಡೆಯುತ್ತದೆ. ಮೇಲ್ಭಾಗಕ್ಕೆ ಬಿದ್ದದ್ದು ತಗ್ಗಿ ರಸ್ತೆಗೆ ಹೋಗುತ್ತದೆ. ನಾವು ಎಡಕ್ಕೆ ಓಡಿಸುವವರು, ಅದಕ್ಕೇ ಬಲಗಡೆ ಬೆಳಕು ಇನ್ನೂ ಕೆಳಗೆ, ಎಡಗಡೆ ನಡೆದು ಹೋಗುವವರು ಕಾಣಲಿ ಅಂತ ಸ್ವಲ್ಪ ಮೇಲೆ. ಸುರುಳಿ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಈ ಲೆಕ್ಕ ಕೆಡುತ್ತದೆ. ಅಂಥ ಜಾಗಕ್ಕೆ ನಮ್ಮ ಹುಡುಗ ಚಪ್ಪಟೆ ಕಡ್ಡಿಗೆ ಚಿಪ್ ಅಂಟಿಸಿದ ಒಂದು ವಸ್ತುವನ್ನು ತಿರುಗಿಸಿ, ಕುಟ್ಟಿ, ಒತ್ತಿ ಕೂರಿಸಿದ. ಚಿಪ್ಪುಗಳು ಎಡಬಲಕ್ಕೆ ಮುಖ ಮಾಡಬೇಕೋ, ಮೇಲೆ ಕೆಳಗೋ? ಹೇಗೆ ಸೇರಿತೋ ಹಾಗೆ. ಹಿಂದಿನ ಫ್ಯಾನ್ ಅಡ್ಡ ಬಂತು ಅಂತ ಧೂಳು, ನೀರು ತಡೆಯುವ ರಬ್ಬರ್ ಮುಚ್ಚಳವನ್ನು ಕತ್ತರಿಸಿ ಎಸೆದ.

ಕಂಪನಿಯಿಂದಲೇ ಎಲ್‌ಇಡಿ ಬರುವ ಕಾರುಗಳ ಕಥೆ ಬೇರೆ, ಅದರ ಲ್ಯಾಂಪೇ ಆ ಚಿಪ್ಪಿಗೆ ಅಂತ ಮಾಡಿದ್ದು. ಅದನ್ನು ನೋಡಿಕೊಂಡು ನಮ್ಮದಕ್ಕೂ ಹಾಕಿಸೋಣ ಅನ್ನೋದೇ ಇಲ್ಲಿನ ತಮಾಷೆ. ಹಾಕಿಸಿದವರಿಗಾದರೂ ಚೆನ್ನಾಗಿ ಕಾಣುತ್ತದಾ ಅಂದರೆ, ಹತ್ತಿರದ ಟಾರು ಫಳಫಳ ಅನ್ನುತ್ತದೆ, ಆ ಬಿಳುಪಿಗೆ ಕಣ್ಣು ಒಗ್ಗಿಕೊಂಡು ದೂರದ್ದು ಇನ್ನಷ್ಟು ಕತ್ತಲಾಗುತ್ತದೆ. ಮಂಡ್ಯದ ಕಡೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಟ್ರೇಲರ್‌ಗಳ ಹಿಂದೆ ಒಂದು ಕೆಂಪು ದೀಪವೂ ಇರಲ್ಲ, ಆದರೆ ಮುಂದೆ ಎರಡು ಎಕ್ಸ್‌ಟ್ರಾ ಎಲ್‌ಇಡಿ ಉರಿಯುತ್ತಿರುತ್ತವೆ! ಇನ್ನು ಶಿರಾಡಿ, ಚಾರ್ಮಾಡಿಯಲ್ಲಿ ಮಂಜು ಬಿದ್ದ ದಿನ ಆ 6500 ಕೆಲ್ವಿನ್ ಬೆಳಕೆಲ್ಲ ಮಂಜಿಗೆ ಬಡಿದು ವಾಪಸ್ ಓನರ್ ಮುಖಕ್ಕೇ ಬರುತ್ತದೆ. ದಾನ ಕೊಟ್ಟದ್ದು ಹೀಗೆ ಕೈಗೇ ಬಂದು ಸೇರುವುದು ಘಾಟಿಯಲ್ಲಿ ಮಾತ್ರ.

ಇವರಿಗೆ ಡಿಪ್ ಮಾಡಿ ಅಂತ ಒಮ್ಮೆ ಲೈಟ್ ಮಿಣುಕಿಸಿ ನೋಡಿ. ಆ ಪುಣ್ಯಾತ್ಮ ಆಗಲೇ ಡಿಪ್ಪಿನಲ್ಲಿದ್ದಾನೆ! ಪಾಪ, ಅವನಿಗೆ ಸಿಟ್ಟು ಬರುತ್ತದೆ. ಇದು ಡಿಪ್ಪು, ಬ್ರೈಟ್ ಅಂದ್ರೆ ಇದು ನೋಡಪ್ಪಾ ಅಂತ ನಿಜವಾದ ಬ್ರೈಟ್ ಹಾಕಿ ತೋರಿಸುತ್ತಾನೆ. ಆಮೇಲೆ ಒಂದೈದು ಸೆಕೆಂಡ್ ನಿಮ್ಮ ಕಾರನ್ನು ದೇವರೇ ಓಡಿಸಬೇಕು. ಲಾರಿಗಳ ಹಿಂದೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಅಂತ ಬರೆಸಿಕೊಂಡು ಬಂದ ಪೇಂಟರುಗಳಿಗೆ ಡಿಪ್ಪೇ ಹೀಗಾಗುತ್ತದೆ ಅಂತ ಹೇಗೆ ಗೊತ್ತಿರಬೇಕು?

ಕಾನೂನು ಇಲ್ಲ ಅಂದುಕೊಳ್ಳಬೇಡಿ. ಬೇಕಾದಷ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಟೇಪ್ ಹಿಡಿದೇ ಬರೆದಂತಿದೆ. ದೀಪದಿಂದ 8 ಮೀಟರ್ ದೂರ, ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಎದುರು ಬರುವವರ ಕಣ್ಣನ್ನು ಇಷ್ಟು ಕರಾರುವಾಕ್ಕಾಗಿ ಅಳೆದ ದೇಶದಲ್ಲಿ ಲ್ಯಾಂಪಿಗೆ ಟೇಪ್ ಹಿಡಿದವರನ್ನು ಯಾರಾದರೂ ನೋಡಿದ್ದೀರಾ? ಸ್ವಂತ ಕಾರಿಗೆ ಹದಿನೈದು ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆಯ ತಂಟೆಯೂ ಇಲ್ಲ. 2024ರ ಜುಲೈಯಿಂದ ಇಂಥ ದೀಪಗಳಿಗೆ ಕೇಸು ಹಾಕುತ್ತೇವೆ ಅಂತ ರಾಜ್ಯದ ಪೊಲೀಸರು ಹೇಳಿದಾಗ ಕೆಲವರು ನಿಜಕ್ಕೂ ಹೆದರಿದರು. ಆಮೇಲೆ ದಂಡ ಎಷ್ಟು ಅಂತ ವಿಚಾರಿಸಿದರು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್, ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕರೆ 1500ರವರೆಗೆ. ಎರಡು ಸಾವಿರದ ಬಲ್ಬ್ ಹಾಕಿಸಿದವರಿಗೆ ಇದು ಫಿಟ್ಟಿಂಗ್ ಚಾರ್ಜ್. ಅದೂ ಸಿಕ್ಕಿದರೆ. ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದು ನಿಂತರೂ ಆ ಬೆಳಕಿನ ಹಿಂದೆ ನಂಬರ್ ಪ್ಲೇಟ್ ಎಲ್ಲಿದೆ ಅಂತ ಕಾಣಬೇಕಲ್ಲ. ಮಾರುವವರಿಗೆ ಯಾವ ತಾಪತ್ರಯವೂ ಇಲ್ಲ, ಬಿಲ್ ಹಾಕಿ ಜಿಎಸ್‌ಟಿ ಸಮೇತ ಕೊಡುತ್ತಾರೆ. ಅದೇ ಕೌಂಟರಿನಲ್ಲಿ ಹಳದಿ ಕನ್ನಡಕವೂ ಸಿಗುತ್ತದೆ, ಎದುರಿನ ಎಲ್‌ಇಡಿ ಕಣ್ಣಿಗೆ ಹೊಡೀತದೆ ಅನ್ನುವವರಿಗೆ.

ನಿಜ ಹೇಳಬೇಕಂದ್ರೆ ಹಳೇ ಕಾರಿನಲ್ಲಿ ಬೆಳಕು ಕಡಿಮೆಯಾಗಲು ಎಷ್ಟೋ ಸಲ ಬಲ್ಬ್ ಕಾರಣವೇ ಅಲ್ಲ. ಹೆಡ್‌ಲೈಟಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿರುತ್ತದೆ. ಪಾಲಿಶ್ ಹೊಡೆಸಿದರೆ ಅರ್ಧ ಕಣ್ಣು ಬಂದಂತೆ. ಸ್ಟೀರಿಂಗ್ ಪಕ್ಕ 0, 1, 2, 3 ಅಂತ ಬರೆದ ಪುಟ್ಟ ಚಕ್ರವೊಂದು ಬಹಳಷ್ಟು ಕಾರುಗಳಲ್ಲಿದೆ. ಹಿಂದೆ ಮೂವರು, ಡಿಕ್ಕಿ ತುಂಬ ಲಗೇಜು ಇದ್ದಾಗ ಮೂತಿ ಮೇಲೇಳುವ ಹೆಡ್‌ಲೈಟನ್ನು ಕೆಳಗಿಳಿಸಲು ಇಟ್ಟದ್ದು. ಕಾರು ಕೊಂಡಾಗಿನಿಂದ ಅದು ಸೊನ್ನೆಯಲ್ಲೇ ಇದೆ, ಎಸಿಗೆ ಸಂಬಂಧಪಟ್ಟದ್ದು ಅಂತ ಮನೆಯವರೆಲ್ಲ ನಂಬಿದ್ದಾರೆ.

ಇದನ್ನೆಲ್ಲ ನಮ್ಮ ಗೆಳೆಯರ ಮುಂದೆ ಹೇಳಿದರೆ ತಲೆಯಾಡಿಸುತ್ತಾರೆ. ಹೌದು ಮಾರಾಯ, ಭಾರೀ ಕಿರಿಕಿರಿ, ಯಾರಿಗೂ ಬುದ್ಧಿ ಇಲ್ಲ ಅಂತಾರೆ. ಹಾಗಾದ್ರೆ ನಿನ್ನದು ಬಿಚ್ಚಿಸಪ್ಪಾ ಅಂದ್ರೆ ‘ಬಿಚ್ಚಿಸ್ತೀನಿ, ಎದುರಿನವನು ಮೊದ್ಲು ಬಿಚ್ಚಿಸ್ಲಿ’ ಅಂತಾರೆ.