ಹಡಗಿಗೆ ಒಂದು ರೇಷ್ಮೆ ಸೀರೆ ಇರಲಿ

ಮಾಲ್ಡೀವ್ಸ್ ರೆಸಾರ್ಟಿಗೂ ಕ್ರೂಸಿಗೂ (ಅಂದರೆ ಹಡಗಿನ ಪ್ರವಾಸಕ್ಕೂ) ಒಂದೇ ಥರದ ಬಟ್ಟೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ರೆಸಾರ್ಟಿಗೇನೋ ತೆಳು ಹತ್ತಿ ಬಟ್ಟೆ, ಚಪ್ಪಲಿ ಸಾಕು. ಅಲ್ಲಿನ ಸ್ಥಳೀಯ ಜನ ಇರುವ ದ್ವೀಪಕ್ಕೆ ಹೋದರೆ ಮಾತ್ರ ಭುಜ, ಮಂಡಿ ಮುಚ್ಚಿರಬೇಕು.

ಹಡಗಿನ ಕಥೆಯೇ ಬೇರೆ. ಒಳಗೆ ಏಸಿ ಚಳಿ, ಡೆಕ್ ಮೇಲೆ ಜೋರು ಗಾಳಿ. ಶಾಲು, ಸ್ವೆಟರ್ ಏನಾದರೂ ಬೇಕೇ ಬೇಕು. ಈಜುಡುಗೆಯಲ್ಲಿ ಊಟದ ಹಾಲಿಗೆ ಬಿಡುವುದಿಲ್ಲ. ಎಷ್ಟೋ ಹಡಗುಗಳಲ್ಲಿ ಒಂದೆರಡು ರಾತ್ರಿ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಊಟಕ್ಕೆ ಬರುತ್ತಾರೆ. ಅದಕ್ಕಂತ ಸುಮ್ನೆ ದುಬಾರಿ ಗೌನ್ ಕೊಳ್ಳಬೇಡಿ. ನಮ್ಮ ಚಿತ್ರದುರ್ಗ ಜಿಲ್ಲೆಯದೇ ಮೊಳಕಾಲ್ಮೂರು ರೇಷ್ಮೆ ಸೀರೆ ಇದೆ ಅಲ್ವಾ? ಆ ಊರಿನದೇ ವಿಶೇಷ ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕ ಸೀರೆ ಅದು, ಆ ಅಂಚಿನ ಅಂದಕ್ಕೆ ಯಾವ ಗೌನೂ ಸಮವಲ್ಲ. ಸೆರಗಿಗೆ ಪಿನ್ ಮಾತ್ರ ಗಟ್ಟಿಯಾಗಿ ಹಾಕಿ. ಹೈ ಹೀಲ್ಸ್ ಬೇಡ, ಹಡಗು ಅಲ್ಲಾಡಿದರೆ ಕಾಲು ಉಳುಕುತ್ತದೆ.