ಮಿಲ್ ಹೋಯ್ತು, ಬೋರ್ಡ್ ಬಂತು

ನಮ್ಮ ರಾಯಚೂರಿನಲ್ಲಿ ಹತ್ತಿಯ ಬೀಜ ಬಿಡಿಸುತ್ತಿದ್ದ ಹಳೇ ಜಿನ್ನಿಂಗ್ ಮಿಲ್ ಜಾಗದಲ್ಲಿ ಕಡೆಗೂ ಒಂದು ಐತಿಹಾಸಿಕ ಬೋರ್ಡ್ ನಿಂತಿದೆ. ಕಪ್ಪು ಗ್ರಾನೈಟು, ಚಿನ್ನದ ಬಣ್ಣದ ಅಕ್ಷರ. ಮಿಲ್ ಇದ್ದಾಗ ಬೋರ್ಡ್ ಇರಲಿಲ್ಲ. ಗೋಡೆ ಬಿದ್ದು, ಚಿಮಣಿಯ ಇಟ್ಟಿಗೆ ಯಾರ್ಯಾರದೋ ಕಾಂಪೌಂಡ್ ಆಗಿ, ಕಬ್ಬಿಣವೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದ ಮೇಲೆ ಎಲ್ಲರಿಗೂ ಇತಿಹಾಸ ನೆನಪಾಯಿತು.

ನಿಂತು ಓದಿದೆ. ಒಟ್ಟು ಹದಿನಾರು ಸಾಲು. ಮಿಲ್ಲಿಗೆ ಎರಡು. ಉಳಿದದ್ದೆಲ್ಲ ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಕೊನೆಗೆ ಗುತ್ತಿಗೆದಾರರು. ಒಂದು ಹೆಸರಿನ ಮೇಲೆ ಇನ್ನೊಂದು ಹೆಸರಿನ ಸ್ಟಿಕರ್ ಬೇರೆ, ಅಷ್ಟರಲ್ಲಿ ವರ್ಗಾವಣೆ ಆಗಿತ್ತಂತೆ.

ಆ ಎರಡು ಸಾಲಿನದೇ ತಮಾಷೆ. 'ಬ್ರಿಟಿಷ್ ಸರ್ಕಾರದ ಆಳ್ವಿಕೆಯಲ್ಲಿ ಕಟ್ಟಿದ ಭವ್ಯ ಹತ್ತಿ ಗಿರಣಿ' ಅಂತಿದೆ. ಅಲ್ರೀ, 1948ರ ಸೆಪ್ಟೆಂಬರ್‌ವರೆಗೂ ಇದು ನಿಜಾಮರ ಊರು ಅಲ್ವಾ? 1853ರಲ್ಲಿ ಸೈನ್ಯದ ಖರ್ಚಿನ ಬಾಕಿಗೆ ಅಂತ ನಿಜಾಮರು ಈ ಸೀಮೆಯನ್ನು ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದು ನಿಜ, ಆದರೆ 1860ರಲ್ಲಿ ವಾಪಸ್ ಬಂತು. ಇಲ್ಲಿಗೆ ರೈಲು ಬಂದದ್ದೇ 1871ರಲ್ಲಿ. ಬಾಂಬೆ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ಎರಡೂ ಬಂದು ಕೂಡಿದ್ದು ರಾಯಚೂರಿನಲ್ಲೇ. ಆ ಹಳಿ ಇಲ್ಲದ ಕಾಲದಲ್ಲಿ ಬ್ರಿಟಿಷರು ಏಳು ವರ್ಷಕ್ಕೆ ಬಂದು, ಮಿಲ್ ಕಟ್ಟಿ, ಅರಳೆಯನ್ನು ಬಂಡಿಯಲ್ಲಿ ಹೇರಿಕೊಂಡು ಹೋದರೇನೋ! ತುಂಗಭದ್ರೆಯ ಆಚೆ ಬಳ್ಳಾರಿ 1800ರಿಂದಲೇ ಕಂಪನಿಯದು. ಅಲ್ಲಿನ ಬೋರ್ಡ್ ಹೊಳೆ ದಾಟಿ ಬಂದಿರಬೇಕು.

ಪಕ್ಕದ ಚಹಾ ಅಂಗಡಿಯಲ್ಲಿ ಒಬ್ಬ ತಾತ ಕೂತಿದ್ದ. ಇದೇ ಮಿಲ್ಲಿನಲ್ಲಿ ಹತ್ತಿ ಅಂಡಿಗೆ ಹೊತ್ತವನು, ಎಡ ಹೆಗಲು ಈಗಲೂ ಒಂದು ಕಡೆ ವಾಲಿದೆ.

"ನಂಗ ಓದಾಕ ಬರಂಗಿಲ್ಲಪ್ಪ. ಹಮಾಲರದು ಏನರ ಬರದಾರೇನು?"

"ಇಲ್ಲ ತಾತ."

"ಭೋಂಗಾದ್ದು? ಅದು ಕೂಗಿದ್ರ ಇಡೀ ಊರು ಏಳತಿತ್ತು."

"ಅದೂ ಇಲ್ಲ."

"ಮತ್ತ ಅಷ್ಟುದ್ದ ಏನ್ ಬರದಾರ?"

ನಮ್ಮ ಕೋಟೆಯ ಗೋಡೆಯಲ್ಲಿ 1294ರ ಶಾಸನದ ಕಲ್ಲಿದೆ, ಸುಮಾರು 40 ಅಡಿ ಉದ್ದ. ಕಟ್ಟಿಸಿದವನ ಹೆಸರು ಅದರಲ್ಲೂ ಇದೆ, ಇಲ್ಲ ಅನ್ನಲ್ಲ. ಆದರೆ ಆ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ಕೋಣಗಳ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಆಗ ಕೋಣಗಳಿಗಾದರೂ ಜಾಗ ಸಿಕ್ಕಿತ್ತು.

ಸುಮ್ನೆ ಇರಲಾರದೆ ಆಫೀಸಿಗೆ ಹೋದೆ. ನಿಜಾಮರದ್ದು ಅಂತ ತಿದ್ದಿ, ಹಂಗೇ ಹಮಾಲರ ಬಗ್ಗೆ ಒಂದು ಸಾಲು ಹಾಕಿ ಅಂದೆ. ತಿದ್ದಬೇಕಾದರೆ ಹೊಸ ಟೆಂಡರ್ ಅಂತೆ. ಮಿಲ್ ಕೆಡವುವಾಗ ಯಾರೂ ಕಾಗದ ಕೇಳಿರಲಿಲ್ಲ, ಈ ಬೋರ್ಡ್ ಮುಟ್ಟಬೇಕಾದರೆ ಮಾತ್ರ ಮೂರು ಸಹಿ ಬೇಕು.

"ಹಮಾಲರದು ಹಾಕಾಕ ಜಾಗಾನ ಇಲ್ರಿ ಸಾರ್, ಹೆಸರು ತುಂಬಿ ಬಿಟ್ಟಾವ," ಅಂದರು ಅಲ್ಲಿ ಕೂತಿದ್ದವರು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಒಂದ್ ಕೆಲಸ ಮಾಡ್ರಿ. ಮುಂದಿನ ಉದ್ಘಾಟನೆಗೆ ಆ ತಾತನ್ನ ಕರ್ಕೊಂಡ್ ಬರ್ರಿ. ಘನ ಉಪಸ್ಥಿತಿಯಾಗ ಹಾಕ್ತೀವಿ."