ಕ್ಯಾಷಿಯರನ ಹಕ್ಕಿ ಲೆಕ್ಕ

ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ 31 ವರ್ಷ ನೋಟು ಎಣಿಸಿದವನಿಗೆ ಹಕ್ಕಿ ಎಣಿಸುವುದು ಯಾವ ಮಹಾ ವಿದ್ಯೆ ಎಂಬ ಧೈರ್ಯದಿಂದಲೇ, ನಿವೃತ್ತನಾದ ಮರುವರ್ಷ ನಾನು ಗದಗ ಜಿಲ್ಲೆಯ ಮಾಗಡಿ ಕೆರೆಯ ನೀರುಹಕ್ಕಿ ಗಣತಿಗೆ ಸ್ವಯಂಸೇವಕನಾಗಿ ಹೆಸರು ಕೊಟ್ಟೆ. ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ. ಮಾಗಡಿ ಕೆರೆಯೋ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸಂರಕ್ಷಿತ ತಾಣ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಚಳಿಗಾಲದಲ್ಲಿ ಸುಮಾರು 8,000 ಇಳಿಯುತ್ತವೆಂದು ಅಂದಾಜು. ಅಷ್ಟು ನೋಟನ್ನು ನಾನು ಊಟಕ್ಕೆ ಮುಂಚೆಯೇ ಎಣಿಸಿ ಮುಗಿಸುತ್ತಿದ್ದೆ.

ನಮ್ಮ ತಂಡದ ಮುಖ್ಯಸ್ಥೆ ನನ್ನ ಮಗಳಿಗಿಂತ ಚಿಕ್ಕ ಹುಡುಗಿ. ಏರಿಯ ಮೇಲೆ ನಿಲ್ಲಿಸಿ, ಒಂದೊಂದಾಗಿ ಎಣಿಸಬಾರದು, ಮೊದಲು ನೂರು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ರೂಢಿ ಮಾಡಿಕೊಂಡು, ಅಂಥ ಎಷ್ಟು ತುಂಡು ಹಿಂಡಿನಲ್ಲಿವೆ ಎಂದು ನೋಡಬೇಕು ಎಂದು ತಿಳಿಹೇಳಿದಳು. ನೂರರ ಕಟ್ಟು ಕಟ್ಟುವುದು ನನಗೆ ಹೊಸದೇನಲ್ಲ. ಆದರೆ ಕಟ್ಟಿನೊಳಗಿನ ನೋಟು ಈಜುತ್ತ ಪಕ್ಕದ ಕಟ್ಟಿಗೆ ಹೋಗುವ ಪದ್ಧತಿ ನಮ್ಮ ಶಾಖೆಯಲ್ಲಿ ಇರಲಿಲ್ಲ. ಗುಳುಮುಳುಕಗಳದ್ದಂತೂ ಇನ್ನೂ ಅನ್ಯಾಯ. ಒಂದು ಮುಳುಗಿ ಅಲ್ಲೆಲ್ಲೋ ಏಳುತ್ತದೆ. ಎದ್ದದ್ದು ಅದೇ ಹಕ್ಕಿಯೋ, ಬೇರೆಯದೋ ಎಂದು ಪರೀಕ್ಷಿಸೋಣವೆಂದರೆ ಅದಕ್ಕೆ ನಂಬರೂ ಇಲ್ಲ, ಗವರ್ನರರ ಸಹಿಯೂ ಇಲ್ಲ. ಹಣೆಯ ಮೇಲೆ ಬಿಳಿ ನಾಮವಿಟ್ಟುಕೊಂಡು ಶಿಸ್ತಾಗಿ ತೇಲುತ್ತಿದ್ದ ನಾಮದ ಕೋಳಿಗಳು ಮಾತ್ರ ನನ್ನ ಮಾನ ಉಳಿಸಿದವು.

ಒತ್ತಿದಾಗಲೆಲ್ಲ ಒಂದಂಕಿ ಮುಂದಕ್ಕೆ ಹೋಗುವ ಪುಟ್ಟ ಕೌಂಟರೊಂದನ್ನು ಕೈಗೆ ಕೊಟ್ಟಿದ್ದರು. ಹತ್ತು ಹಕ್ಕಿಗೊಮ್ಮೆ ನನ್ನ ಹೆಬ್ಬೆರಳು ಹಳೆಯ ಅಭ್ಯಾಸದಿಂದ ತಾನಾಗಿಯೇ ನಾಲಿಗೆಗೆ ಹೋಗಿ ಒದ್ದೆಯಾಗಿ ಮರಳುತ್ತಿತ್ತು. ಅಷ್ಟರಲ್ಲಿ ಹಿಂಡು ದಿಕ್ಕು ಬದಲಿಸುತ್ತಿತ್ತು. ಹೆಬ್ಬಾತುಗಳ ಎಣಿಕೆ ಆರುನೂರು ದಾಟಿದಾಗ ಎಲ್ಲಿಂದಲೋ ಬಂದ ಸೆಳೆವ ಎಂಬ ಬೇಟೆಹಕ್ಕಿಯೊಂದು ಕೆರೆಯ ಮೇಲೆ ತಗ್ಗಿನಲ್ಲಿ ತೇಲಿತು. ಇಡೀ ಖಜಾನೆ ಗದ್ದಲವೆಬ್ಬಿಸಿ ಮೇಲೆದ್ದು, ಎರಡು ಸುತ್ತು ಹಾಕಿ, ಎಣಿಸಿದವು ಎಣಿಸದವುಗಳೊಂದಿಗೆ ಬೆರೆತು ಕುಳಿತವು. ನಾನು ಬೇಸರದಿಂದ ಕೌಂಟರನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಕಲ್ಲಿನ ಮೇಲೆ ಕುಳಿತು ಮಂಡಕ್ಕಿ ತಿಂದೆ. ಆ ಹೊತ್ತಿನಲ್ಲಿ ನನ್ನ ತೊಡೆಯೂ ಗಣತಿಯಲ್ಲಿ ಭಾಗವಹಿಸುತ್ತಿತ್ತೆಂಬುದು ಆಮೇಲೆ ಗೊತ್ತಾಯಿತು.

ಕೊನೆಗೆ ತಾಳೆ ನೋಡಿದಾಗ ನನ್ನ ಲೆಕ್ಕದಲ್ಲಿ ಮುಖ್ಯಸ್ಥೆಯ ಲೆಕ್ಕಕ್ಕಿಂತ 354 ಹೆಬ್ಬಾತು ಹೆಚ್ಚಿದ್ದವು. ಕ್ಯಾಷಿನಲ್ಲಿ ಕಡಿಮೆ ಬಂದರೆ ಕೈಯಿಂದ ಕಟ್ಟಿ ಮನೆಗೆ ಹೋಗಬಹುದು. ಹೆಚ್ಚು ಬಂದರೆ ಯಾರಿಗೆ ಮೋಸವಾಯಿತೆಂದು ರಾತ್ರಿಯವರೆಗೆ ಚೀಟಿ ತಿರುವಬೇಕು. ಮತ್ತೊಮ್ಮೆ ಎಣಿಸೋಣವೆಂದು ನಾನು ಹಟ ಹಿಡಿದಾಗ ಆಕೆ, “ಇದು ಅಂದಾಜು ಸರ, ಆಡಿಟ್ ಅಲ್ಲ,” ಎಂದು ನನ್ನ ಜೇಬಿನ ಕಡೆ ನೋಡಿ ನಕ್ಕಳು.

ಏರಿಯ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿದ್ದ ಹಿರಿಯ ರೈತರೊಬ್ಬರು ಆಗ ಬಾಯಿಬಿಟ್ಟರು: “ನಮ್ಮ ಕಡ್ಲಿ ಹೊಲದಾಗ ಇನ್ನೂ ಮುನ್ನೂರಾ ಚಿಲ್ಲರ ಮೇಯಾಕತ್ತಾವ್ರೀ. ಅವನ್ನ ಹಿಡದೀರೋ ಇಲ್ಲೋ?”

ನಾನು ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಹೊಲಕ್ಕೆ ಹೋದ ಹೆಬ್ಬಾತುಗಳು ಬಿಸಿಲೇರಿದ ಮೇಲೆ ಕೆರೆಗೆ ಮರಳುವುದುಂಟು. ಅಂದರೆ ಶಾಖೆಯಿಂದ ಶಾಖೆಗೆ ದಾರಿಯಲ್ಲಿರುವ ನಗದು! ಮುಖ್ಯಸ್ಥೆ ಮಾತ್ರ ಒಪ್ಪಲಿಲ್ಲ. ಕೆರೆಯಲ್ಲಿ ಕಣ್ಣಿಗೆ ಕಂಡದ್ದಷ್ಟೇ ಲೆಕ್ಕ ಎಂದು ತನ್ನ ಅಂಕಿಯನ್ನೇ ನಮೂನೆಯಲ್ಲಿ ಬರೆದಳು. ಮನೆಗೆ ಬಂದವನು ನನ್ನ ಡೈರಿಯಲ್ಲಿ “ಕಡಲೆ ಹೊಲದಿಂದ ಜಮೆಯಾಗಬೇಕಾದದ್ದು: 354” ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಮಲಗಿದೆ.